ಸೇರಿಸಿಕೊಂಡ ಮೇಲೆ ಏನು? ಜಾಗತಿಕ ಕಂಪನಿಗಳ ನೇಮಕದ ಲೆಕ್ಕ ಮತ್ತು ಒಳಗಿನ ಬದುಕು

2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆ ನಡೆಯಿತು. ಐಫೋನ್ ಜೋಡಿಸುವ ಕಾರ್ಖಾನೆ ಅದು. ಸಿಟ್ಟಿಗೆದ್ದ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಹೇಳಿದಷ್ಟು ಸಂಬಳ ಕೈಗೆ ಬರುತ್ತಿಲ್ಲ, ಓವರ್‌ಟೈಮ್ ಲೆಕ್ಕ ಸರಿಯಿಲ್ಲ ಎನ್ನುವುದು ಅವರ ದೂರಾಗಿತ್ತು. ಟಿವಿಯಲ್ಲಿ ಆ ದೃಶ್ಯಗಳನ್ನು ಎಲ್ಲರೂ ನೋಡಿದರು. ಆಮೇಲೆ ಕಾರ್ಖಾನೆ ಇಲಾಖೆಯ ತನಿಖೆಯಲ್ಲಿ ಹೊರಬಂದ ಸಂಗತಿಗಳು ಅಷ್ಟು ಜನರನ್ನು ತಲುಪಲಿಲ್ಲ. ಅಸಲಿ ವಿಷಯ ಇದ್ದದ್ದು ಅಲ್ಲಿ.

ಐದು ಸಾವಿರ ಜನರಿಗೆ ಅನುಮತಿ ಇದ್ದ ಕಡೆ ಕಡಿಮೆ ಸಮಯದಲ್ಲಿ 10,500 ಜನ ಆಗಿದ್ದರು. ಅವರಲ್ಲಿ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಾತಿ ದಾಖಲಿಸುವ ವ್ಯವಸ್ಥೆ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಕಾರ್ಮಿಕ ಕಾನೂನು ಚೆನ್ನಾಗಿ ಗೊತ್ತಿರುವವರು ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಆಪಲ್ ವಿಸ್ಟ್ರಾನ್ ಅನ್ನು ಪ್ರೊಬೇಷನ್‌ನಲ್ಲಿ ಇಟ್ಟಿತು. ವಿಸ್ಟ್ರಾನ್ ತನ್ನ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು, ಕಾರ್ಮಿಕರ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈ ಸೇರಿತು.

ನೇಮಕದ ದೃಷ್ಟಿಯಿಂದ ನೋಡಿದರೆ ಅಲ್ಲಿ ಸೋಲೇನೂ ಆಗಿರಲಿಲ್ಲ. ಕೋಲಾರದ ಸುತ್ತಮುತ್ತಲಿನ ಹಳ್ಳಿಗಳವರು, ಬೇರೆ ಜಿಲ್ಲೆ, ಬೇರೆ ರಾಜ್ಯದವರು, ಗಂಡಸರು, ಹೆಂಗಸರು, ಐಟಿಐ ಓದಿದವರು, ಡಿಪ್ಲೊಮಾ ಮಾಡಿದವರು ಎಲ್ಲರೂ ಬೇಗ ಬೇಗ ಸೇರಿದ್ದರು. ಕುಸಿದದ್ದು ಸೇರಿದ ನಂತರದ ವ್ಯವಸ್ಥೆ. ಜಾಗತಿಕ ಕಂಪನಿಗಳು ಎಲ್ಲ ಹಿನ್ನೆಲೆಯ ಜನರಿಗೂ ಅವಕಾಶ ಕೊಡುತ್ತೇವೆ ಎಂದು ಹೇಳುವಾಗ ನಾವು ನೋಡಬೇಕಾದದ್ದೂ ಇದನ್ನೇ. ಒಳಗೆ ಎಷ್ಟು ಬಗೆಯ ಜನ ಬಂದರು ಎನ್ನುವ ಲೆಕ್ಕ ಸುಲಭ. ಬಂದವರಿಗೆ ಯಾರು ಕಲಿಸಿದರು, ಯಾವ ಕೆಲಸ ಕೊಟ್ಟರು, ಮೂರು ವರ್ಷದ ನಂತರ ಅವರು ಎಲ್ಲಿದ್ದಾರೆ ಎನ್ನುವ ಲೆಕ್ಕ ಕಷ್ಟ. ಕಂಪನಿಗಳು ಹೆಚ್ಚಾಗಿ ಸುಲಭದ ಲೆಕ್ಕವನ್ನೇ ಹೇಳುತ್ತವೆ.

ಅಮೆರಿಕದ ಗಾಳಿ ತಿರುಗಿದಾಗ

ಈ ಚರ್ಚೆ ಈಗ ಬಿಸಿಯಾಗಲು ಕಾರಣ ಅಮೆರಿಕ. ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ತಾರತಮ್ಯ ಮಾಡಬಾರದು, ಎಲ್ಲ ಜನಾಂಗದವರಿಗೂ ಅವಕಾಶ ಸಿಗುವಂತೆ ಕ್ರಮ ತೆಗೆದುಕೊಳ್ಳಬೇಕು ಎಂದು 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆದೇಶ ಹೊರಡಿಸಿದ್ದರು. 2025ರ ಜನವರಿ 21ರಂದು ಡೊನಾಲ್ಡ್ ಟ್ರಂಪ್ ಆ ಆದೇಶವನ್ನು ರದ್ದು ಮಾಡಿದರು. ಡಿಇಐ (ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವಿಕೆ) ಎಂದು ಕರೆಯುವ ಕಾರ್ಯಕ್ರಮಗಳನ್ನು ಖಾಸಗಿ ಕಂಪನಿಗಳೂ ಕೈಬಿಡುವಂತೆ ಒತ್ತಡ ಶುರುವಾಯಿತು. ಅದಕ್ಕೂ ಮುಂಚೆ, 2023ರ ಜೂನ್‌ನಲ್ಲಿ, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹಾರ್ವರ್ಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು.

ಮೆಟಾ, ಗೂಗಲ್, ವಾಲ್‌ಮಾರ್ಟ್, ಮೆಕ್‌ಡೊನಾಲ್ಡ್ಸ್ ಹೀಗೆ ಒಂದಾದ ಮೇಲೊಂದು ಕಂಪನಿ ತಮ್ಮ ಗುರಿಗಳನ್ನು ಕೈಬಿಟ್ಟವು, ಇಲ್ಲವೇ ಮೊಟಕುಗೊಳಿಸಿದವು. 2025ರ ಫೆಬ್ರವರಿಯಲ್ಲಿ ಆಕ್ಸೆಂಚರ್ ಕೂಡ 2017ರಲ್ಲಿ ಹಾಕಿಕೊಂಡಿದ್ದ ಜಾಗತಿಕ ಗುರಿಗಳನ್ನು ಮುಗಿಸುತ್ತೇವೆ ಎಂದಿತು. ಆಕ್ಸೆಂಚರ್‌ಗೆ ಭಾರತದಲ್ಲೇ ಮೂರು ಲಕ್ಷಕ್ಕಿಂತ ಜಾಸ್ತಿ ಉದ್ಯೋಗಿಗಳಿದ್ದಾರೆ. ವಾಷಿಂಗ್ಟನ್‌ನಲ್ಲಿ ಬಿದ್ದ ಸಹಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸಿನವರೆಗೂ ತಲುಪುವುದು ಹೀಗೆ. ಎಲ್ಲರೂ ಬಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಕಾಸ್ಟ್ಕೊ ಮತ್ತು ಆಪಲ್ ಕಂಪನಿಗಳ ಷೇರುದಾರರ ಮುಂದೆ ಈ ಕಾರ್ಯಕ್ರಮಗಳನ್ನು ಪ್ರಶ್ನಿಸುವ ಪ್ರಸ್ತಾವಗಳು ಬಂದವು. ಎರಡೂ ಕಡೆ ನೂರಕ್ಕೆ 95ಕ್ಕಿಂತ ಜಾಸ್ತಿ ಮತ ಪ್ರಸ್ತಾವದ ವಿರುದ್ಧ ಬಿತ್ತು. 2025ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಅಮೆರಿಕ ರಾಯಭಾರ ಕಚೇರಿ ಫ್ರೆಂಚ್ ಕಂಪನಿಗಳಿಗೂ ಪತ್ರ ಬರೆದು, ನೀವು ಇಂಥ ಕಾರ್ಯಕ್ರಮ ನಡೆಸುತ್ತಿಲ್ಲ ಎಂದು ಬರೆದುಕೊಡಿ ಎಂದು ಕೇಳಿತು. ಇದು ನಮ್ಮ ವಿಷಯದಲ್ಲಿ ಮೂಗು ತೂರಿಸುವುದು ಎಂದು ಫ್ರಾನ್ಸ್ ಸಿಟ್ಟಾಯಿತು.

ಇಷ್ಟು ಬೇಗ ಇಷ್ಟು ಕಂಪನಿಗಳು ಹಿಂದೆ ಸರಿದದ್ದು ಯಾಕೆ? ನನಗನ್ನಿಸುವ ಒಂದು ಕಾರಣ, ಈ ಕೆಲಸಕ್ಕೆ ಅವರು ಕೊಟ್ಟಿದ್ದ ಸಮರ್ಥನೆಯೇ ದುರ್ಬಲವಾಗಿತ್ತು. ಎಲ್ಲ ಬಗೆಯ ಜನ ಮೇಲಿನ ಹುದ್ದೆಯಲ್ಲಿದ್ದರೆ ಲಾಭ ಜಾಸ್ತಿ ಎಂದು ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2015ರಿಂದ ವರದಿಗಳನ್ನು ತರುತ್ತಾ ಬಂತು. ಎಚ್‌ಆರ್ ಮುಖ್ಯಸ್ಥರ ಸ್ಲೈಡುಗಳಲ್ಲೆಲ್ಲ ಅದೇ ಅಂಕಿ. 2024ರಲ್ಲಿ ಜೆರೆಮಯಾ ಗ್ರೀನ್ ಮತ್ತು ಜಾನ್ ಹ್ಯಾಂಡ್ ಎಂಬ ಇಬ್ಬರು ಅಕೌಂಟಿಂಗ್ ಪ್ರಾಧ್ಯಾಪಕರು ಅಮೆರಿಕದ ದೊಡ್ಡ ಲಿಸ್ಟೆಡ್ ಕಂಪನಿಗಳ ಮೇಲೆ ಅದೇ ಲೆಕ್ಕ ಮಾಡಿ ನೋಡಿದರು. ಅಂಥ ನಂಟು ಸಿಗಲಿಲ್ಲ. ಲಾಭದ ಮಾತಿನ ಮೇಲೆ ನ್ಯಾಯವನ್ನು ನಿಲ್ಲಿಸಿದರೆ, ಲಾಭದ ಲೆಕ್ಕ ಅಲ್ಲಾಡಿದ ದಿನ ನ್ಯಾಯವೂ ಅಲ್ಲಾಡುತ್ತದೆ. ಒಬ್ಬ ಹುಡುಗಿಗೆ ಅವಳ ಊರು, ಜಾತಿ, ಓದಿದ ಮಾಧ್ಯಮ, ಅಂಗವೈಕಲ್ಯ ನೋಡಿ ಬಾಗಿಲು ಮುಚ್ಚುವುದು ತಪ್ಪು. ಅದಕ್ಕೆ ಷೇರಿನ ಬೆಲೆಯ ಆಧಾರ ಬೇಕಿಲ್ಲ.

ಆಮದಾದ ಅಳತೆಗೋಲು

ಐಟಿ ಉದ್ಯಮದ ಸಂಘಟನೆ ನ್ಯಾಸ್‌ಕಾಮ್ ಮತ್ತು ಸಲಹಾ ಸಂಸ್ಥೆ ಜಿನ್ನೋವ್ ಲೆಕ್ಕದ ಪ್ರಕಾರ 2024ರ ಹೊತ್ತಿಗೆ ಭಾರತದಲ್ಲಿ 1,700ಕ್ಕೂ ಜಾಸ್ತಿ ಜಿಸಿಸಿಗಳಿದ್ದವು. ಜಿಸಿಸಿ ಅಂದರೆ ವಿದೇಶಿ ಕಂಪನಿ ಇಲ್ಲೇ ತೆರೆದ ತನ್ನದೇ ಕೆಲಸದ ಕೇಂದ್ರ. ಸುಮಾರು 19 ಲಕ್ಷ ಜನ ಅವುಗಳಲ್ಲಿ ದುಡಿಯುತ್ತಿದ್ದರು. ಅತಿ ಹೆಚ್ಚು ಕೇಂದ್ರಗಳಿರುವ ನಗರ ಬೆಂಗಳೂರು. ಈ ಕಂಪನಿಗಳ ನೀತಿ ಪುಸ್ತಕ ಬರುವುದು ಮುಖ್ಯ ಕಚೇರಿಯಿಂದ. ಅಮೆರಿಕದ ಕಂಪನಿಯಾದರೆ ಅದರಲ್ಲಿ ಮೊದಲು ಜನಾಂಗ, ಆಮೇಲೆ ಲಿಂಗ ಇರುತ್ತದೆ. ಅದೇ ಪಟ್ಟಿ ಬೆಂಗಳೂರಿಗೆ ಇಳಿದಾಗ ಜನಾಂಗದ ಕಾಲಂ ಖಾಲಿಯಾಗುತ್ತದೆ. ಉಳಿಯುವುದು ಗಂಡು, ಹೆಣ್ಣು ಎಣಿಸುವ ಒಂದು ಕಾಲಂ. ಅದೂ ಬೇಕು, ಖಂಡಿತ. ನ್ಯಾಸ್‌ಕಾಮ್ ಲೆಕ್ಕದಲ್ಲಿ ಭಾರತದ ಟೆಕ್ ಕ್ಷೇತ್ರದ ಉದ್ಯೋಗಿಗಳಲ್ಲಿ ಮಹಿಳೆಯರು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಆ ಮೂರನೇ ಒಂದು ಭಾಗದ ಮಹಿಳೆಯರು ಯಾವ ಊರಿನಿಂದ, ಯಾವ ಬಗೆಯ ಮನೆಯಿಂದ, ಯಾವ ಶಾಲೆಯಿಂದ ಬಂದವರು? ಅದನ್ನು ಎಣಿಸುವ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ.

ಜಾತಿಯ ಮಾತು ಈ ಕಂಪನಿಗಳಲ್ಲಿ ಮೊದಲು ಜೋರಾಗಿ ಎದ್ದದ್ದು ಇಲ್ಲಿ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ. 2020ರ ಜೂನ್‌ನಲ್ಲಿ ಆ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆ ಸಿಸ್ಕೊ ಎಂಬ ಟೆಕ್ ಕಂಪನಿಯ ಮೇಲೆ ಕೇಸ್ ಹಾಕಿತು. ದಲಿತ ಎಂಜಿನಿಯರ್ ಒಬ್ಬರಿಗೆ ಜಾತಿಯ ಕಾರಣದಿಂದ ತಾರತಮ್ಯ ಆಗಿದೆ ಎನ್ನುವುದು ಆರೋಪ. ಸಿಸ್ಕೊ ಅದನ್ನು ಅಲ್ಲಗಳೆಯಿತು. 2023ರಲ್ಲಿ ಇಬ್ಬರು ಮ್ಯಾನೇಜರ್‌ಗಳ ಮೇಲಿನ ಆರೋಪವನ್ನು ಇಲಾಖೆ ಕೈಬಿಟ್ಟಿತು, ಕಂಪನಿಯ ಮೇಲಿನ ಕೇಸ್ ಮುಂದುವರಿಯಿತು. ಆ ಕೇಸ್ ಬಂದ ನಂತರ ಆಪಲ್ ತನ್ನ ನೀತಿಯಲ್ಲಿ ಜಾತಿ ತಾರತಮ್ಯ ಕೂಡದು ಎಂದು ಬರೆಯಿತು. ಐಬಿಎಂ ಕೂಡ ಜಾತಿಯನ್ನು ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ, ಈಗಿರುವ ಕಾನೂನೇ ಸಾಕು ಎಂದರು.

ಇದು ದೂರದ ವಿಷಯ ಅಂತ ಅನ್ನಿಸಬಹುದು. ಆದರೆ 2007ರಲ್ಲಿ ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಆಟ್ವೆಲ್ ನಮ್ಮ ದೇಶದಲ್ಲೇ ಮಾಡಿದ ಪ್ರಯೋಗವನ್ನು ನೋಡಿ. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು. ಅರ್ಜಿಯಲ್ಲಿ ಬದಲಾದದ್ದು ಹೆಸರು ಮಾತ್ರ.

ಎಲ್ಲ ಕಡೆ ಶೇಕಡಾ 60

ಇನ್ನೊಂದು ಜರಡಿ ಇದೆ. ಅದಕ್ಕೆ ಹೆಸರೂ ಬೇಕಿಲ್ಲ, ಅಂಕಪಟ್ಟಿ ಸಾಕು. ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ನೋಟಿಸ್ ಬೋರ್ಡ್ ನೋಡಿದವರಿಗೆ ಈ ಸಾಲು ಗೊತ್ತು: ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇಕಡಾ 60, ಬ್ಯಾಕ್‌ಲಾಗ್ ಇರಬಾರದು, ಓದಿನಲ್ಲಿ ಗ್ಯಾಪ್ ಇರಬಾರದು. ಎಲ್ಲ ಕಂಪನಿಗಳೂ ಹೀಗೇ ಕೇಳುವುದಿಲ್ಲ. ಆದರೂ ದೊಡ್ಡ ಸಂಖ್ಯೆಯಲ್ಲಿ ಜನ ತೆಗೆದುಕೊಳ್ಳುವ ಕಡೆ ಇದು ಬಹಳ ವರ್ಷಗಳಿಂದ ನಡೆದು ಬಂದ ರೂಢಿ.

ಈ ನಿಯಮ ನೋಡಲು ಎಲ್ಲರಿಗೂ ಒಂದೇ. ಬಿಜಾಪುರದ ಒಂದು ಹಳ್ಳಿಯ ಕನ್ನಡ ಮಾಧ್ಯಮದ ಹುಡುಗನನ್ನು ಅದರ ಮುಂದೆ ನಿಲ್ಲಿಸಿ ನೋಡೋಣ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 88 ತೆಗೆದಿದ್ದಾನೆ ಅಂದುಕೊಳ್ಳಿ. ಪಿಯುಸಿ ಸೈನ್ಸ್‌ಗೆ ಸೇರಿದ ದಿನದಿಂದ ಪಾಠವೆಲ್ಲ ಇಂಗ್ಲಿಷ್. ವೇಗ, ಬಲ, ದ್ರವ್ಯರಾಶಿ ಎಂದು ಕಲಿತದ್ದೆಲ್ಲ ಒಂದೇ ವಾರದಲ್ಲಿ ಬೇರೆ ಹೆಸರು ಹೊತ್ತು ಬರುತ್ತವೆ. ಟ್ಯೂಷನ್ನಿಗೆ ಊರಲ್ಲಿ ಯಾರೂ ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಶೇಕಡಾ 57 ಬರುತ್ತದೆ. ಸಿಇಟಿ ಬರೆದು ಹೇಗೋ ಸೀಟು ಪಡೆಯುತ್ತಾನೆ. ಮೊದಲ ಎರಡು ಸೆಮಿಸ್ಟರ್ ಒದ್ದಾಡಿ, ಮೂರನೆಯದರಿಂದ ಹಿಡಿತ ಸಿಕ್ಕಿ, ಕೊನೆಯ ವರ್ಷ ಕ್ಲಾಸಿಗೇ ಮೊದಲಿಗನಾದರೂ ಆಗಬಹುದು. ಕಂಪನಿಯ ಸಾಫ್ಟ್‌ವೇರ್ ಅವನ ಅರ್ಜಿಯನ್ನು ತೆರೆಯುವುದೂ ಇಲ್ಲ. ಕಾರಣ, ನಾಲ್ಕು ವರ್ಷ ಹಳೆಯ ಆ 57.

ಗೆರೆಗೆ ಕಮ್ಮಿಯಾದ ಆ ಮೂರು ಅಂಕ ಅವನು ಕೋಡ್ ಬರೆಯಬಲ್ಲನೇ ಎನ್ನುವುದನ್ನು ಹೇಳುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಅವನು ಭಾಷೆ ಬದಲಿಸಿದ ಎನ್ನುವುದನ್ನು ಮಾತ್ರ ಹೇಳುತ್ತದೆ. ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಆ ತಿರುವೇ ಇರಲಿಲ್ಲ. ಜಾತಿ ಕೇಳದೆ, ಊರು ಕೇಳದೆ, ಮಾಧ್ಯಮ ಕೇಳದೆ ಮೂರನ್ನೂ ಒಟ್ಟಿಗೆ ಸೋಸಿ ಹೊರಗಿಡುವ ನಿಯಮ ಇದು. ಕಂಪನಿಗಳು ಇದನ್ನು ದುರುದ್ದೇಶದಿಂದ ಇಟ್ಟಿಲ್ಲ, ನಿಜ. ಲಕ್ಷಾಂತರ ಅರ್ಜಿ ಬಂದಾಗ ಬೇಗ ಕಡಿಮೆ ಮಾಡಲು ಒಂದು ಗೆರೆ ಬೇಕಿತ್ತು, ಎಳೆದರು. ಆ ಗೆರೆಯ ಆಚೆ ಯಾರು ಉಳಿದರು ಎಂದು ಹಿಂತಿರುಗಿ ನೋಡುವವರು ಕಡಿಮೆ.

ಮುಂದಿನ ಹಂತ ರೆಫರಲ್. ಒಳಗಿರುವವರು ತಮ್ಮ ಪರಿಚಯದವರ ಹೆಸರು ಕೊಡುತ್ತಾರೆ, ಅವರು ಸೇರಿದರೆ ಇವರಿಗೆ ಬೋನಸ್. ಕಂಪನಿಗೆ ಖರ್ಚು ಕಮ್ಮಿ. ಆದರೆ ನಮ್ಮ ಪರಿಚಯದವರು ಸಾಮಾನ್ಯವಾಗಿ ನಮ್ಮಂಥವರೇ ಇರುತ್ತಾರೆ, ಅಲ್ವಾ? ಹೀಗೆ ಒಂದೇ ಕಾಲೇಜು, ಒಂದೇ ಬಡಾವಣೆ, ಒಂದೇ ಬಳಗ ಮತ್ತೆ ಮತ್ತೆ ಒಳಗೆ ಬರುತ್ತದೆ. ಯಂತ್ರಕ್ಕೆ ಬಿಟ್ಟರೂ ಇದು ತಪ್ಪುವುದಿಲ್ಲ. ಅರ್ಜಿಗಳಿಗೆ ಅಂಕ ಕೊಡುವ ಒಂದು ವ್ಯವಸ್ಥೆಯನ್ನು ಅಮೆಜಾನ್ 2014ರಿಂದ ಕಟ್ಟುತ್ತಿತ್ತು. ಹತ್ತು ವರ್ಷದ ಹಳೆಯ ಅರ್ಜಿಗಳನ್ನು ನೋಡಿ ಅದು ಕಲಿತಿತ್ತು. ಅವುಗಳಲ್ಲಿ ಬಹುಪಾಲು ಗಂಡಸರದ್ದು. ಹಾಗಾಗಿ ಅರ್ಜಿಯಲ್ಲಿ ಮಹಿಳಾ ಕ್ಲಬ್, ಮಹಿಳಾ ಕಾಲೇಜು ಎಂದು ಕಂಡರೆ ಅಂಕ ಕಳೆಯಲು ಶುರು ಮಾಡಿತು. ಕಂಪನಿ ಅದನ್ನು ಕೈಬಿಟ್ಟಿತು. ವಿಷಯ 2018ರಲ್ಲಿ ರಾಯಿಟರ್ಸ್ ಮೂಲಕ ಹೊರಬಂತು.

ಹಾಗಾದರೆ ಸರಿಯಾದ ದಾರಿ ಯಾವುದು? ಆಶ್ಚರ್ಯ ಎಂದರೆ ಅದು ಬಹಳ ಸಾದಾ ದಾರಿ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳು, ಮೊದಲೇ ಬರೆದಿಟ್ಟ ಅಂಕದ ಮಾನದಂಡ, ಒಬ್ಬರಿಗಿಂತ ಹೆಚ್ಚು ಜನ ಕೂತು ಬೇರೆ ಬೇರೆಯಾಗಿ ಅಂಕ ಹಾಕುವುದು. ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಮರುಲೆಕ್ಕ ಮಾಡಿದಾಗ, ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಊಹಿಸುವುದರಲ್ಲಿ ಇಂಥ ಕ್ರಮಬದ್ಧ ಸಂದರ್ಶನವೇ ಪಟ್ಟಿಯ ಮೇಲೆ ಬಂತು. 'ನಿಮ್ಮ ಬಗ್ಗೆ ಹೇಳಿ' ಎಂದು ಶುರುವಾಗಿ ಕ್ರಿಕೆಟ್, ಊರು, ಕಾಲೇಜು ಎಂದು ಹರಟೆಯಲ್ಲಿ ಮುಗಿಯುವ ಸಂದರ್ಶನದಲ್ಲಿ ಗೆಲ್ಲುವುದು ಸಂದರ್ಶಕರ ಥರ ಮಾತಾಡುವವರು.

ಬಾಗಿಲನ್ನು ಬೇರೆ ಕಡೆ ತೆರೆದವರು

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಟೊಯೋಟಾ ಕಿರ್ಲೋಸ್ಕರ್ 2007ರಲ್ಲಿ ಬಿಡದಿಯಲ್ಲಿ ತರಬೇತಿ ಸಂಸ್ಥೆ ತೆರೆಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ, ಕಡಿಮೆ ಆದಾಯದ ಗ್ರಾಮೀಣ ಮನೆಗಳ ಮಕ್ಕಳನ್ನು ಆರಿಸಿ, ಮೂರು ವರ್ಷ ಅಲ್ಲೇ ಉಳಿಸಿ, ಊಟ ವಸತಿ ಕೊಟ್ಟು ಕಲಿಸುತ್ತದೆ. ಮೊದಲು ಹುಡುಗರು ಮಾತ್ರ ಇದ್ದರು, ಆಮೇಲೆ ಹುಡುಗಿಯರಿಗೂ ಅವಕಾಶ ಬಂತು. ಆಡುಗೋಡಿಯಲ್ಲಿ ಮೈಕೋ (ಬಾಷ್‌ನ ಹಳೆಯ ಹೆಸರು) ಕಾಲದಿಂದ ಬಂದ ಬಾಷ್ ಅಪ್ರೆಂಟಿಸ್ ಶಾಲೆ ಇನ್ನೂ ಹಳೆಯದು. ಮೈಕೋದಲ್ಲಿ ಅಪ್ರೆಂಟಿಸ್ ಆಗಿದ್ದೆ ಎಂದು ಹೆಮ್ಮೆಯಿಂದ ಹೇಳುವ ಹಿರಿಯರು ಬೆಂಗಳೂರಿನಲ್ಲಿ ಇವತ್ತಿಗೂ ಸಿಗುತ್ತಾರೆ. ವಿಪ್ರೊ ಬಿಎಸ್ಸಿ, ಬಿಸಿಎ ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು ಜೊತೆಜೊತೆಗೆ ಎಂ.ಟೆಕ್ ಓದಿಸುತ್ತದೆ. ಎಚ್‌ಸಿಎಲ್ ಹನ್ನೆರಡನೇ ತರಗತಿ ಮುಗಿಸಿದವರನ್ನೇ ತೆಗೆದುಕೊಂಡು ತರಬೇತಿ ಕೊಡುತ್ತದೆ.

ನನಗೆ ಬಹಳ ಇಷ್ಟವಾದ ಉದಾಹರಣೆ ಜರ್ಮನಿಯ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯದು. ಅದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ. ಇಲ್ಲಿನ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವ ಆರು ಜನರನ್ನು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ತೆಗೆದುಕೊಂಡಿತು. ಅದು ಚೆನ್ನಾಗಿ ನಡೆಯಿತು. 2013ರಲ್ಲಿ ಕಂಪನಿ ಅದನ್ನು ಜಗತ್ತಿನ ಎಲ್ಲ ಕಚೇರಿಗಳಿಗೂ ಒಯ್ಯುತ್ತೇವೆ, 2020ರ ಹೊತ್ತಿಗೆ ನಮ್ಮ ಉದ್ಯೋಗಿಗಳಲ್ಲಿ ಶೇಕಡಾ 1 ಆಟಿಸಂ ಇರುವವರು ಇರುತ್ತಾರೆ ಎಂದಿತು. ಆ ಗುರಿ ಮುಟ್ಟಲಿಲ್ಲ, ಅದರ ಹತ್ತಿರಕ್ಕೂ ಬರಲಿಲ್ಲ. ಆದರೂ ಅವರು ಬದಲಿಸಿದ ವಿಧಾನ ಗಮನಿಸಬೇಕಾದದ್ದು. ಆಟಿಸಂ ಇರುವ ಎಷ್ಟೋ ಜನರಿಗೆ ಅಪರಿಚಿತರ ಕಣ್ಣು ನೋಡಿ ಮಾತಾಡುವುದೇ ಕಷ್ಟ. ಸಂದರ್ಶನದಲ್ಲೇ ಸೋಲುತ್ತಾರೆ. ಹಾಗಾಗಿ ಸಂದರ್ಶನದ ಬದಲು ಕೆಲವು ವಾರ ಲೆಗೊ ರೋಬೋಟ್ ಕಟ್ಟುವಂಥ ಕೆಲಸ ಕೊಟ್ಟು ನೋಡಿದರು. ಸೇರಿದ ಮೇಲೆ ಪ್ರತಿಯೊಬ್ಬರಿಗೂ ಜೊತೆಗಾರರನ್ನು ಕೊಟ್ಟರು. ಇವರಿಗೆ ಸೂಚನೆ ಕೊಡುವಾಗ ಅಸ್ಪಷ್ಟವಾಗಿ ಮಾತಾಡುವಂತಿಲ್ಲ. ಹಾಗೆ ಅಭ್ಯಾಸವಾಗಿ, ಉಳಿದವರಿಗೂ ಒಳ್ಳೆಯ ಮ್ಯಾನೇಜರ್ ಆದೆವು ಎಂದು ಹಲವು ಮ್ಯಾನೇಜರ್‌ಗಳು ಹೇಳಿಕೊಂಡಿದ್ದಾರೆ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ ಅವುಗಳಲ್ಲಿ ಒಂದು. ಸರ್ಕಾರಿ ಹುದ್ದೆಯಲ್ಲಿ ಶೇಕಡಾ 4 ಮೀಸಲಾತಿ ಇದೆ. ಖಾಸಗಿ ಕಂಪನಿಗಳಿಗೆ ಮೀಸಲಾತಿ ಇಲ್ಲ, ಆದರೆ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು. ಸುಮ್ನೆ ವೆಬ್‌ಸೈಟಿನಲ್ಲಿ ಒಂದು ಪುಟ ಹಾಕಿ ಮುಗಿಸುವ ಕಡೆ ಆ ನೀತಿಯಿಂದ ಯಾರಿಗೂ ಕೆಲಸ ಸಿಗುವುದಿಲ್ಲ.

ಕಲಿಸುವುದು ಯಾರಿಗೆ?

ತರಬೇತಿ ಎಂದ ಕೂಡಲೇ ಮೈಸೂರು ನೆನಪಾಗುತ್ತದೆ. ಇನ್ಫೋಸಿಸ್‌ನ 337 ಎಕರೆ ಕ್ಯಾಂಪಸ್‌ನಲ್ಲಿ ಎರಡು ದಶಕದಲ್ಲಿ ದೇಶದ ಮೂಲೆಮೂಲೆಯ ಲಕ್ಷಾಂತರ ಮಕ್ಕಳು ಕಲಿತು ಹೋಗಿದ್ದಾರೆ. ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ಕೆಲವೇ ತಿಂಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ತಯಾರು ಮಾಡಬಹುದು ಎಂದು ತೋರಿಸಿದ ಜಾಗ ಅದು. ಈ ದೇಶದ ಸಾವಿರಾರು ಕೆಳಮಧ್ಯಮ ವರ್ಗದ ಮನೆಗಳು ಅದರಿಂದ ಮೇಲೆದ್ದಿವೆ, ಅದನ್ನು ಮರೆಯಬಾರದು.

ಅದೇ ಮೈಸೂರಿನಲ್ಲಿ 2025ರ ಫೆಬ್ರವರಿಯಲ್ಲಿ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಲಾಯಿತು. ಮೂರು ಬಾರಿ ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ, ಇದು ಒಪ್ಪಂದದಲ್ಲೇ ಇತ್ತು ಎಂದು ಕಂಪನಿ ಹೇಳಿತು. ಅವರಲ್ಲಿ ಹಲವರು 2022ರಲ್ಲಿ ಆಫರ್ ಪಡೆದು 2024ರ ಅಕ್ಟೋಬರ್‌ವರೆಗೆ ಕಾದವರು. ಕಂಪನಿಗೆ ಮಾನದಂಡ ಬೇಕು ಎನ್ನುವುದನ್ನು ಒಪ್ಪೋಣ. ಆದರೆ ಎರಡು ವರ್ಷ ಕಾದು ಬಂದವರ ಕಲಿಕೆಯನ್ನು, ಮೊನ್ನೆ ತಾನೆ ಕಾಲೇಜು ಮುಗಿಸಿದವರ ಕಲಿಕೆಯನ್ನು ಒಂದೇ ಗಡಿಯಾರದಲ್ಲಿ ಅಳೆಯುವುದು ಸರಿಯೇ? ಬೇರೆ ಬೇರೆ ಹಿನ್ನೆಲೆಯವರನ್ನು ತೆಗೆದುಕೊಳ್ಳುತ್ತೇವೆ ಎನ್ನುವ ಯಾವ ಕಂಪನಿಯಾದರೂ ಕೆಲವರಿಗೆ ಎಂಟು ವಾರ, ಕೆಲವರಿಗೆ ಹದಿನಾರು ವಾರ ಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಮೊದಲ ಎರಡು ವಾರ ಕನ್ನಡದಲ್ಲೋ ಹಿಂದಿಯಲ್ಲೋ ಅನುಮಾನ ಕೇಳುವ ಅವಕಾಶ ಇದ್ದರೆ ಎಷ್ಟೋ ಜನ ನಿಲ್ಲುತ್ತಾರೆ. ಕಾರ್ಖಾನೆಯಲ್ಲಂತೂ ಇದು ಪ್ರಾಣದ ಪ್ರಶ್ನೆ. ಯಂತ್ರದ ಸುರಕ್ಷತೆಯ ಸೂಚನೆ ಅರ್ಥವಾಗದ ಭಾಷೆಯಲ್ಲಿದ್ದರೆ ಹೋಗುವುದು ಕಾರ್ಮಿಕನ ಬೆರಳು.

ಆಫೀಸುಗಳಲ್ಲಿ ಇನ್ನೊಂದು ಓರೆ ಇದೆ. ಬೆಂಗಳೂರಿನವರಿಗೆ ಅಮೆರಿಕದವರ ಜೊತೆ ಹೇಗೆ ಮಾತಾಡಬೇಕು, ಮೀಟಿಂಗ್ ಶುರುವಿನಲ್ಲಿ ಹವಾಮಾನದ ಬಗ್ಗೆ ಎರಡು ಮಾತು ಹೇಗೆ ಆಡಬೇಕು ಎಂದೆಲ್ಲ ತರಬೇತಿ ಕೊಡುತ್ತಾರೆ. ಆ ಕಡೆಯವರಿಗೆ ಇಲ್ಲಿಯ ಬಗ್ಗೆ ಅಷ್ಟೇ ಶ್ರದ್ಧೆಯಿಂದ ಕಲಿಸುವುದನ್ನು ಕಾಣುವುದು ಕಮ್ಮಿ. ನಮ್ಮ ಹುಡುಗಿಯೊಬ್ಬಳು 'ಸರಿ, ನೋಡ್ತೀನಿ' ಎಂದರೆ ಅದರೊಳಗೆ 'ಇದು ಆಗಲ್ಲ' ಎನ್ನುವುದೂ ಇರಬಹುದು. ಅದನ್ನು ಗುರುತಿಸಿ ಇನ್ನೊಮ್ಮೆ ಕೇಳುವ ಜವಾಬ್ದಾರಿ ಮ್ಯಾನೇಜರದ್ದು.

ತಾರತಮ್ಯ ಮಾಡಬೇಡಿ ಎಂದು ಎಲ್ಲರನ್ನೂ ಕೂರಿಸಿ ಕಡ್ಡಾಯ ಕ್ಲಾಸ್ ಮಾಡುವ ರೂಢಿಯೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಫ್ರಾಂಕ್ ಡಾಬಿನ್ ಮತ್ತು ಇಸ್ರೇಲಿನ ಅಲೆಕ್ಸಾಂಡ್ರಾ ಕಲೆವ್ ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಮೂರು ದಶಕದ ಮಾಹಿತಿ ನೋಡಿದರು. ಕಡ್ಡಾಯ ಕ್ಲಾಸ್ ನಡೆಸಿದ ಕಂಪನಿಗಳಲ್ಲಿ ಐದು ವರ್ಷದ ನಂತರ ಕಪ್ಪು ಮಹಿಳಾ ಮ್ಯಾನೇಜರ್‌ಗಳ ಪಾಲು ಸರಾಸರಿ ಶೇಕಡಾ 9ರಷ್ಟು ಇಳಿದಿತ್ತು. ಒತ್ತಾಯ ಮಾಡಿದರೆ ಜನ ಒಳಗೊಳಗೇ ಎದುರು ನಿಲ್ಲುತ್ತಾರೆ. ಫಲ ಕೊಟ್ಟದ್ದು ಬೇರೆ ಕ್ರಮಗಳು: ಹಿರಿಯರೊಬ್ಬರು ಕಿರಿಯರೊಬ್ಬರ ಜವಾಬ್ದಾರಿ ಹೊರುವುದು, ಮ್ಯಾನೇಜರ್‌ಗಳೇ ಹೊಸ ಕಾಲೇಜುಗಳಿಗೆ ಹೋಗಿ ಜನ ಹುಡುಕುವುದು, ಬಡ್ತಿಯ ಲೆಕ್ಕವನ್ನು ಎಲ್ಲರ ಮುಂದೆ ಒಪ್ಪಿಸುವುದು. ಜವಾಬ್ದಾರಿ ಕೈಗೆ ಬಂದಾಗ ಮನಸ್ಸೂ ಬದಲಾಗುತ್ತದೆ.

ರಾತ್ರಿ ಒಂಬತ್ತೂವರೆಯ ಕಾಲ್

ಬಡ್ತಿ ಯಾರಿಗೆ ಸಿಗುತ್ತದೆ? ಒಳ್ಳೆಯ ಪ್ರಾಜೆಕ್ಟ್ ಸಿಕ್ಕಿದವರಿಗೆ, ಮೇಲಿನವರ ಕಣ್ಣಿಗೆ ಬಿದ್ದವರಿಗೆ. ಮೇಲಿನವರು ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಇದ್ದರೆ ಅವರ ಬೆಳಗ್ಗೆ ನಮ್ಮ ರಾತ್ರಿ. ಆ ಹೊತ್ತಿಗೆ ಮಗುವನ್ನು ಮಲಗಿಸಬೇಕಾದ, ಅತ್ತೆಗೆ ಮಾತ್ರೆ ಕೊಡಬೇಕಾದ ಹೆಣ್ಣುಮಗಳು ವಾರಕ್ಕೆ ಎರಡು ಕಾಲ್ ತಪ್ಪಿಸಿದರೆ ಯಾರೂ ಬೈಯುವುದಿಲ್ಲ. ಮುಂದಿನ ಪ್ರಾಜೆಕ್ಟ್ ಹಂಚುವಾಗ ಹೆಸರು ನೆನಪಾಗುವುದಿಲ್ಲ, ಅಷ್ಟೇ.

2022-23ರ ವಾರ್ಷಿಕ ವರದಿಯಲ್ಲಿ ಟಿಸಿಎಸ್ ಒಂದು ಸಂಗತಿಯನ್ನು ಒಪ್ಪಿಕೊಂಡಿತು. ಮೊದಲೆಲ್ಲ ಕೆಲಸ ಬಿಡುವ ಮಹಿಳೆಯರ ಪ್ರಮಾಣ ಗಂಡಸರಷ್ಟೇ ಅಥವಾ ಕಡಿಮೆ ಇರುತ್ತಿತ್ತು. ಆ ವರ್ಷ ಅದು ಗಂಡಸರಿಗಿಂತ ಜಾಸ್ತಿಯಾಯಿತು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿದಾಗ ಕೆಲವರ ಮನೆಯ ವ್ಯವಸ್ಥೆಯೇ ಬದಲಾಗಿ, ಮತ್ತೆ ಆಫೀಸಿಗೆ ಬರುವುದು ಕಷ್ಟವಾಗಿರಬಹುದು ಎಂದು ಎಚ್‌ಆರ್ ಮುಖ್ಯಸ್ಥರು ಬರೆದರು. ಇಷ್ಟು ದೊಡ್ಡ ಕಂಪನಿ ಇದನ್ನು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ನೇಮಕದಲ್ಲಿ ಎಷ್ಟು ಕಷ್ಟಪಟ್ಟರೂ ಆಫೀಸಿಗೆ ಬರುವ ದಿನಗಳ ಒಂದು ನಿಯಮ ಅದನ್ನೆಲ್ಲ ತೊಳೆದುಹಾಕಬಲ್ಲದು ಎಂದು ಅದರಿಂದ ಗೊತ್ತಾಗುತ್ತದೆ.

ಕಾನೂನೂ ಕೆಲವೊಮ್ಮೆ ಹಿಂದಿನಿಂದ ಎಳೆಯುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಮಕ್ಕಳ ಪಾಲನಾ ಕೇಂದ್ರ ಕಡ್ಡಾಯವಾಯಿತು. ಬಹಳ ಒಳ್ಳೆಯ ಹೆಜ್ಜೆ. ಆದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮಿತಿ ದಾಟಿದ ಸಂಬಳದವರ ಪೂರ್ತಿ ಖರ್ಚು ಕಂಪನಿಯ ಮೇಲೆ. ಮದುವೆಯಾದ ಹೊಸದರ ಹೆಣ್ಣುಮಗಳನ್ನು ಕಂಡರೆ ಕೆಲವು ಸಂದರ್ಶಕರು ಹಿಂಜರಿಯುವುದು ಇದರಿಂದಲೂ. ಎಷ್ಟೋ ದೇಶಗಳಲ್ಲಿ ಈ ಖರ್ಚನ್ನು ಸಾಮಾಜಿಕ ವಿಮೆ ಹೊರುತ್ತದೆ. ಇಲ್ಲೂ ಹಾಗಾಗಬೇಕು. ಕಾರ್ಖಾನೆಗಳಲ್ಲಿ ಈ ಹಿಂಜರಿಕೆ ಇನ್ನೂ ನೇರ. ತಮಿಳುನಾಡಿನ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಕೆಲಸಕ್ಕೆ ಮದುವೆಯಾದ ಹೆಂಗಸರನ್ನು ಹೊರಗಿಡುತ್ತಿದ್ದಾರೆ ಎಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ತನಿಖಾ ವರದಿ ಬರೆಯಿತು. ಅದಾದ ಮೇಲೆ, ಜಾಹೀರಾತಿನಲ್ಲಿ ಮದುವೆ, ವಯಸ್ಸು, ಲಿಂಗದ ಮಾತು ಬೇಡ ಎಂದು ಏಜೆಂಟರಿಗೆ ಸೂಚನೆ ಹೋಯಿತು. ಅದೇ ಕಂಪನಿ ಈಗ ನಮ್ಮ ದೇವನಹಳ್ಳಿಯಲ್ಲೂ ಬೆಳೆಯುತ್ತಿದೆ. ಅಲ್ಲಿ ಸೇರುತ್ತಿರುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗಿಯರು. ಇವರಿಗೆ ಮದುವೆಯಾದ ಮೇಲೆ, ಮಗುವಾದ ಮೇಲೆ ಏನಾಗುತ್ತದೆ ಎನ್ನುವುದನ್ನು ಕಾರ್ಮಿಕ ಇಲಾಖೆ ಈಗಿನಿಂದಲೇ ಗಮನಿಸಬೇಕು.

ನಮ್ಮವರೇ ಹೊರಗೆ ಹೋದಾಗ

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಭಾರತೀಯ ಉದ್ಯೋಗಿಗಳೇ ತುಂಬಿರುವ ಐಟಿ ಕಂಪನಿಗಳು ಅಮೆರಿಕದಲ್ಲಿ ತಮ್ಮವರನ್ನೇ ಮುಂದೆ ತರುತ್ತವೆ ಎನ್ನುವ ದೂರು ಹಳೆಯದು. 2018ರಲ್ಲಿ ಟಿಸಿಎಸ್ ವಿರುದ್ಧದ ಇಂಥ ಕೇಸಿನಲ್ಲಿ ಜ್ಯೂರಿ ಕಂಪನಿಯ ಪರ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಕಾಗ್ನಿಜೆಂಟ್ ಭಾರತೀಯರಲ್ಲದ ಉದ್ಯೋಗಿಗಳ ವಿರುದ್ಧ ತಾರತಮ್ಯ ಮಾಡಿದೆ ಎಂದಿತು. ಮೇಲ್ಮನವಿ ಹೋಗುತ್ತೇವೆ ಎಂದು ಕಂಪನಿ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂದ ಮೇಲಂತೂ ಅಲ್ಲಿನವರನ್ನೇ ತೆಗೆದುಕೊಳ್ಳದೆ ದಾರಿಯಿಲ್ಲ.

ಇನ್ಫೋಸಿಸ್ 2017ರಲ್ಲೇ ಎರಡು ವರ್ಷದಲ್ಲಿ 10,000 ಅಮೆರಿಕನ್ನರನ್ನು ತೆಗೆದುಕೊಳ್ಳುತ್ತೇವೆ ಎಂದು ಹೊರಟಿತು. ಇಂಡಿಯಾನಾದಿಂದ ಶುರುಮಾಡಿ ಹಲವು ರಾಜ್ಯಗಳಲ್ಲಿ ಕೇಂದ್ರ ತೆರೆಯಿತು. ಆಮೇಲೆ ಕಮ್ಯುನಿಟಿ ಕಾಲೇಜುಗಳಿಂದಲೂ, ಅಂದರೆ ಎರಡು ವರ್ಷದ ಡಿಗ್ರಿ ಮಾಡಿದವರನ್ನೂ ತೆಗೆದುಕೊಂಡು ತರಬೇತಿ ಕೊಟ್ಟಿತು. ನಾಲ್ಕು ವರ್ಷದ ಎಂಜಿನಿಯರಿಂಗ್ ಇಲ್ಲದೆಯೂ ಈ ಕೆಲಸ ಕಲಿಸಬಹುದು ಎಂದು ಅಲ್ಲಿ ಗೊತ್ತಾಗಿದೆ. ಕಲಬುರಗಿಯ ಡಿಪ್ಲೊಮಾ ಹುಡುಗಿಗೆ, ಶಿರಸಿಯ ಬಿಕಾಂ ಹುಡುಗನಿಗೆ ಅದೇ ಬಾಗಿಲು ಇಡೀ ಉದ್ಯಮದಲ್ಲಿ ಯಾಕೆ ತೆರೆಯಬಾರದು?

ಇಲ್ಲಿಗೆ ಬಂದಾಗ 2024ರ ಜುಲೈ ನೆನಪಾಗುತ್ತದೆ. ಖಾಸಗಿ ಉದ್ಯಮಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎನ್ನುವ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರು ಎದ್ದು ನಿಂತರು, ಕೆಲವೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಹರಿಯಾಣದ ಇಂಥದೇ ಕಾನೂನನ್ನು 2023ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಸರೋಜಿನಿ ಮಹಿಷಿ ವರದಿಯ ಕಾಲದಿಂದ, ಅಂದರೆ ನಾಲ್ಕು ದಶಕದಿಂದ ಕನ್ನಡಿಗರು ಕೇಳುತ್ತಿರುವ ಪ್ರಶ್ನೆ ನ್ಯಾಯವಾದದ್ದು. ನಮ್ಮ ನೆಲ, ನಮ್ಮ ನೀರು ಬಳಸುವ ಕಂಪನಿಯಲ್ಲಿ ನಮ್ಮ ಮಕ್ಕಳು ಸೆಕ್ಯುರಿಟಿ ಗೇಟಿನಲ್ಲಷ್ಟೇ ಕಂಡರೆ ಸಿಟ್ಟು ಬರುವುದು ಸಹಜ. ಆದರೆ ಕೋರ್ಟಿನಲ್ಲಿ ನಿಲ್ಲದ ಕೋಟಾಕ್ಕಿಂತ, ಆ ಶೇಕಡಾ 60ರ ಗೆರೆಯನ್ನು ಅಳಿಸುವುದು ಜಾಸ್ತಿ ಮಕ್ಕಳನ್ನು ಒಳಗೆ ತರುತ್ತದೆ ಎಂದು ನಾನು ನಂಬುತ್ತೇನೆ. 2024ರ ನವೆಂಬರ್‌ನಲ್ಲಿ ರಾಜ್ಯ ಜಿಸಿಸಿ ನೀತಿ ತಂದಿತು. 2029ರ ಹೊತ್ತಿಗೆ 500 ಹೊಸ ಕೇಂದ್ರ, ಮೂರೂವರೆ ಲಕ್ಷ ಕೆಲಸ ಎನ್ನುವುದು ಗುರಿ. ಬೆಂಗಳೂರಿನಾಚೆಗೆ ಹೋಗುವವರಿಗೆ ರಿಯಾಯಿತಿಗಳಿವೆ. ರಿಯಾಯಿತಿ ಕೊಡುವಾಗಲೇ ಸರ್ಕಾರ ಕೇಳಬಹುದು: ನಿಮ್ಮ ಅರ್ಜಿಯಲ್ಲಿ ಪಿಯುಸಿ ಅಂಕದ ಗೆರೆ ಇದೆಯೇ? ಎಷ್ಟು ಕಾಲೇಜುಗಳಿಗೆ ಹೋಗುತ್ತೀರಿ, ಯಾವ ಜಿಲ್ಲೆಗಳಿಗೆ?

ಓದುಗರು ತಾವೇ ನೋಡಬಹುದಾದ ದಾಖಲೆಯೂ ಒಂದಿದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ವಾರ್ಷಿಕ ವರದಿಯ ಜೊತೆಗೇ ಸಿಗುತ್ತದೆ. ಮಹಿಳಾ ಉದ್ಯೋಗಿಗಳು ಎಷ್ಟು, ಅಂಗವಿಕಲರು ಎಷ್ಟು, ಕೆಲಸ ಬಿಟ್ಟವರ ಪ್ರಮಾಣ ಗಂಡಸರಲ್ಲಿ ಎಷ್ಟು, ಹೆಂಗಸರಲ್ಲಿ ಎಷ್ಟು, ಹೆರಿಗೆ ರಜೆಯಿಂದ ವಾಪಸ್ ಬಂದವರು ಎಷ್ಟು, ಬಂದ ಮೇಲೆ ಉಳಿದವರು ಎಷ್ಟು ಎಂದು ಅದರಲ್ಲಿ ಬರೆದಿರಬೇಕು. ವಿದೇಶಿ ಕಂಪನಿಗಳ ಜಿಸಿಸಿಗಳು ಇಲ್ಲಿ ಪ್ರೈವೇಟ್ ಲಿಮಿಟೆಡ್ ಆಗಿರುವುದರಿಂದ ಈ ನಿಯಮದ ಹೊರಗಿವೆ. ಲಕ್ಷಾಂತರ ಜನ ದುಡಿಯುವ ಆ ಕೇಂದ್ರಗಳನ್ನೂ ಇದರೊಳಗೆ ತರಬೇಕು. ಅಲ್ಲಿಯವರೆಗೆ, ಕ್ಯಾಂಪಸ್‌ಗೆ ಬಂದು ಬಣ್ಣದ ಸ್ಲೈಡ್ ತೋರಿಸುವವರನ್ನು ಪ್ಲೇಸ್‌ಮೆಂಟ್ ಅಧಿಕಾರಿಗಳೂ ವಿದ್ಯಾರ್ಥಿಗಳೂ ಎದ್ದು ನಿಂತು ಕೇಳಬೇಕು: ಮೂರು ವರ್ಷದ ಹಿಂದೆ ನಮ್ಮ ಕಾಲೇಜಿನಿಂದ ಕರೆದುಕೊಂಡು ಹೋದವರಲ್ಲಿ ಎಷ್ಟು ಜನ ಇನ್ನೂ ನಿಮ್ಮಲ್ಲಿದ್ದಾರೆ, ಈಗ ಯಾವ ಹುದ್ದೆಯಲ್ಲಿದ್ದಾರೆ?